ಸುದ್ದಿಯೋ, ಶುದ್ಧಿಯೋ?

ಒಂದು ಜೋಡಿ ಸ್ಪೀಕರಿನ ಹೊಸ ಆವೃತ್ತಿಗೆ ಹಳೆಯದರ ಎರಡರಷ್ಟು ದುಡ್ಡು ಕೊಟ್ಟರೆ ಎರಡರಷ್ಟು ಕೇಳಿಸಬೇಕೆಂದು ಯಾರೂ ಕೇಳುವುದಿಲ್ಲ. ಏನೋ ಒಂದು ಹೆಚ್ಚಾಗಿಯಾದರೂ ಕೇಳಿಸಬೇಕಲ್ಲ? ಅದು ಏನು, ಯಾವ ಕೋಣೆಯಲ್ಲಿ, ಯಾವ ಧ್ವನಿಮುದ್ರಣದಲ್ಲಿ ಎಂಬ ಪ್ರಶ್ನೆ ಕಳೆದ ವರ್ಷ ನನ್ನ ಪ್ರಬಂಧಕ್ಕೇ ಅಂಟಿಕೊಂಡಿತು.

ನನ್ನ ಸಂಶೋಧನೆ ಸಿಂಧನೂರು ಸೀಮೆಯ ತತ್ವಪದಗಳ ಬಗ್ಗೆ. ಜವಳಗೇರಾ ಮತ್ತು ಸುತ್ತಲಿನ ಊರುಗಳ ಭಜನಾ ಮೇಳದವರು ಎಂಬತ್ತು, ತೊಂಬತ್ತರ ದಶಕಗಳಲ್ಲಿ ಸಣ್ಣ ಟೇಪ್ ರೆಕಾರ್ಡರುಗಳಲ್ಲಿ ತುಂಬಿಟ್ಟ ಕ್ಯಾಸೆಟ್ಟುಗಳೇ ನನ್ನ ಹಸ್ತಪ್ರತಿ. ಹಾಡಿದವರಲ್ಲಿ ಬಹುತೇಕರು ಈಗಿಲ್ಲ. ಹೀಗಾಗಿ ಒಂದು ಅಕ್ಷರ ತಪ್ಪಿದರೂ ತಿದ್ದುವವರು ಸಿಗುವುದಿಲ್ಲ. ಒಂದು ಪದದಲ್ಲಿ ಹಾಡುಗಾರ ‘ಸುದ್ದಿ’ ಅನ್ನುತ್ತಾನೋ ‘ಶುದ್ಧಿ’ ಅನ್ನುತ್ತಾನೋ ತಿಳಿಯದೆ ವಾರಗಟ್ಟಲೆ ಕೂತಿದ್ದೆ. ನಮ್ಮ ಕಡೆ ಹಾಡುವಾಗ ಮಹಾಪ್ರಾಣ ನಿಲ್ಲುವುದು ಕಡಿಮೆ. ಆದ್ದರಿಂದ ಗುರುತು ಉಳಿಯುವುದು ಮೊದಲ ಅಕ್ಷರದ ಉಸಿರಿನಲ್ಲಿ ಮಾತ್ರ. ‘ಶ’ದ ಸದ್ದು ಮೂರು ಸಾವಿರ ಹರ್ಟ್ಜ್ ಆಸುಪಾಸಿನಿಂದಲೇ ತುಂಬಿಕೊಳ್ಳುತ್ತದೆ, ‘ಸ’ದ್ದು ಅದಕ್ಕಿಂತ ಮೇಲೆ. ಟೇಪಿನ ಸರಸರ ಸದ್ದೂ ಅದೇ ಜಾಗದಲ್ಲಿ ಬೀಡುಬಿಟ್ಟಿರುತ್ತದೆ. ಪದದ ಅರ್ಥವೆಲ್ಲ ಆ ಒಂದು ಅಕ್ಷರದ ಮೇಲೆ ನಿಂತಿತ್ತು.

ಒಳ್ಳೆಯ ಸ್ಪೀಕರ್ ತೆಗೆದುಕೋ ಎಂದ ಬೆಂಗಳೂರಿನ ಗೆಳೆಯನ ಬಳಿ ಕೆಇಎಫ್ ಕಂಪನಿಯ ಎಲ್‌ಎಸ್50 ಇತ್ತು, ಅದರ ಸುಧಾರಿತ ರೂಪವಾದ ಎಲ್‌ಎಸ್50 ಮೆಟಾ ಕೂಡ ಇತ್ತು. ಇವುಗಳ ಹಿಂದೊಂದು ಕಥೆಯಿದೆ. ಎಪ್ಪತ್ತರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳ ಇಕ್ಕಟ್ಟಿನಲ್ಲಿ ದನಿಯನ್ನು ಸರಿಯಾಗಿ ಅಳೆಯಲೆಂದು ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್ ರೂಪಿಸಿತು. ಅದರೊಳಗಿನ ಡ್ರೈವರುಗಳು ಕೆಇಎಫ್‌ನವು. 1961ರಲ್ಲಿ ಶುರುವಾದ ಆ ಕಂಪನಿ ತನ್ನ ಐವತ್ತರ ನೆನಪಿಗೆ 2012ರಲ್ಲಿ ಎಲ್‌ಎಸ್50 ತಂದಿತು, 2020ರಲ್ಲಿ ಮೆಟಾ ತಂದಿತು. ಎರಡರಲ್ಲೂ ಐದೂಕಾಲು ಇಂಚಿನ ಕೋನಿನ ನಡುವೆಯೇ ಟ್ವೀಟರ್ ಕೂತಿದೆ. ಇಬ್ಬರ ತಗ್ಗುಸ್ವರದ ಮಿತಿಯೂ 79 ಹರ್ಟ್ಜ್. ಮೆಟಾದ ದೊಡ್ಡ ಸುಧಾರಣೆ ಇರುವುದು ಟ್ವೀಟರಿನ ಬೆನ್ನಿಗೆ. ಅಲ್ಲಿ ಸಣ್ಣ ಸುರಂಗಗಳ ಒಂದು ಬಿಲ್ಲೆಯಿದೆ, ಹಿಂದಕ್ಕೆ ಹೊರಟ ಸದ್ದು ಮರಳಿ ಬಂದು ಮುಂದಿನದನ್ನು ಕೆಡಿಸದಂತೆ ಅದು ಹೀರಿಕೊಳ್ಳುತ್ತದೆ. ಕಂಪನಿ ಹೇಳುವ ಲೆಕ್ಕ 99 ಪ್ರತಿಶತ.

ನನಗೆ ಸಿಗುತ್ತಿದ್ದ ದರದಲ್ಲಿ ಹೊಸ ಮೆಟಾ ಜೋಡಿ ಎಂದರೆ ತಿಂಗಳಿಗೆ 37,000 ರೂಪಾಯಿಯ ನನ್ನ ಫೆಲೋಶಿಪ್ಪಿನ ಮೂರು ತಿಂಗಳು ದಾಟುತ್ತಿತ್ತು. ಯಾರೋ ಬಳಸಿ ಬಿಟ್ಟ ಹಳೆಯ ಜೋಡಿಗೆ ಅದರ ಅರ್ಧವೂ ಬೇಡ.

ಕಣ್ಣು ಕಿವಿಗೆ ಸುಳ್ಳು ಹೇಳುತ್ತದೆ ಎಂಬುದು ಹಳೆಯ ಸಂಗತಿ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸ್ಪೀಕರ್ ಕಾಣುವಾಗ ಕೇಳುಗರು ಕೊಟ್ಟ ಅಂಕಗಳು ಪರದೆ ಹಾಕಿದಾಗ ಬದಲಾದವು. ಅನುಭವಿಗಳೂ ಇದಕ್ಕೆ ಹೊರತಾಗಲಿಲ್ಲ. ತುಸು ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸುವುದು ಇನ್ನೊಂದು ಮೋಸ. ಹಾಗಾಗಿ ನಾವು ಮುಂದೆ ತೆಳುವಾದ ಬಟ್ಟೆ ಇಳಿಬಿಟ್ಟು, ಎರಡರ ಸದ್ದನ್ನೂ ಅಳೆದು ಸಮ ಮಾಡಿಕೊಂಡೆವು.

ಸ್ಟುಡಿಯೋದಲ್ಲಿ ಹೊಸದಾಗಿ ಮುದ್ರಿಸಿದ ಒಂದು ಖಯಾಲನ್ನು ಮೊದಲು ಹಾಕಿದೆವು. ಹತ್ತರಲ್ಲಿ ಒಂಬತ್ತು ಸಲ ಮೆಟಾವನ್ನು ಸರಿಯಾಗಿ ಗುರುತಿಸಿದೆ. ತಂಬೂರಿಯ ತಂತಿಗಳು ದನಿಯ ಹಿಂದೆ ಬಿಡಿಬಿಡಿಯಾಗಿ ನಿಂತವು, ಗಾಯಕಿ ಉಸಿರು ತೆಗೆದುಕೊಳ್ಳುವುದು ಕರ್ಕಶವಾಗದೆ ಕೇಳಿಸಿತು. ಆ ವ್ಯತ್ಯಾಸ ನಿಜ. ಆಮೇಲೆ ನನ್ನ ಕ್ಯಾಸೆಟ್ಟಿನ ಪದ. ಹತ್ತರಲ್ಲಿ ಆರು. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ‘ಸುದ್ದಿ’ ಎರಡರಲ್ಲೂ ‘ಸುದ್ದಿ’ಯೋ ‘ಶುದ್ಧಿ’ಯೋ ಆಗಿಯೇ ಉಳಿಯಿತು.

ಅದಲ್ಲದೆ ನಾನು ಕೇಳುವ ಜಾಗ ಜವಳಗೇರಾ. ಎಡದಂಡೆ ಕಾಲುವೆಯ ಭತ್ತದ ಸೀಮೆ. ಸುಗ್ಗಿಯಲ್ಲಿ ಟ್ರ್ಯಾಕ್ಟರ್, ರಾಯಚೂರು ರಸ್ತೆಯಲ್ಲಿ ಲಾರಿ. ಹಿಂದಿನ ಮಣ್ಣಿನ ಮಾಳಿಗೆ ಮನೆಗಳ ಒಳಗೆ ಮಾತು ತಣ್ಣಗೆ ಕೂರುತ್ತಿತ್ತು. ಈಗಿನ ಸ್ಲ್ಯಾಬು ಮನೆಯ ನುಣುಪಾದ ಗೋಡೆಗಳ ನಡುವೆ ಚಪ್ಪಾಳೆ ತಟ್ಟಿದರೆ ಟರ್ ಎಂದು ಮರುಗುತ್ತದೆ. ಟ್ವೀಟರಿನ ಬೆನ್ನಿನ ಸದ್ದನ್ನು ಬಿಲ್ಲೆ ಹೀರಿಕೊಂಡರೇನು, ಮುಂದಿನ ಸದ್ದನ್ನು ನನ್ನ ನಾಲ್ಕು ಗೋಡೆಗಳು ನಾಲ್ಕು ಸಲ ವಾಪಸು ಕಳಿಸುತ್ತಿದ್ದವು. ಭತ್ತದ ಚೀಲಗಳನ್ನು ಒಂದು ಗೋಡೆಗೆ ಒಟ್ಟಿ, ಎದುರು ಗೋಡೆಗೆ ಎರಡು ಕೌದಿ ತೂಗುಹಾಕಿದ ಮೇಲೆ ಆ ಮರುದನಿ ಇಳಿಯಿತು. ಇದನ್ನೆಲ್ಲ ನೋಡುತ್ತಿದ್ದ ಮೇಳದ ಹಿರಿಯರೊಬ್ಬರು, “ಪದ ಕೇಳಾಕ ಕುಂತೀಯೋ, ಡಬ್ಬಿ ಕೇಳಾಕ ಕುಂತೀಯೋ ತಮ್ಮಾ?” ಅಂದರು.

ನಾನು ಹಳೆಯ ಜೋಡಿಯನ್ನೇ ಕೊಂಡೆ. ಉಳಿದ ದುಡ್ಡಿನಲ್ಲಿ ಒಂದು ಹಳೆಯ ಕ್ಯಾಸೆಟ್ ಡೆಕ್ಕು, ಅದನ್ನು ಬಲ್ಲ ಮೆಕ್ಯಾನಿಕ್ಕಿನ ಒಂದು ದಿನದ ಕೂಲಿ. ಟೇಪನ್ನು ಓದುವ ಹೆಡ್ಡು ಅದನ್ನು ಬರೆದ ಯಂತ್ರದ ಹೆಡ್ಡಿನ ಓರೆಯಲ್ಲೇ ನಿಲ್ಲಬೇಕು. ಕೂದಲೆಳೆಯಷ್ಟು ತಪ್ಪಿದರೂ ಮೊದಲು ಅಳಿಯುವುದು ಮೇಲಿನ ಸ್ವರಗಳು, ಅಂದರೆ ‘ಸ’ ಮತ್ತು ‘ಶ’. ಮೆಕ್ಯಾನಿಕ್ ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದು ಕ್ಯಾಸೆಟ್ಟಿಗೂ ಹೆಡ್ಡಿನ ಓರೆ ತಿರುಗಿಸುತ್ತ ಹೋದಂತೆ, ಕಂಬಳಿ ಹೊದ್ದಂತಿದ್ದ ತಾಳಗಳು ಝಲ್ ಎಂದವು. ಆ ಪದ ಬಂತು. ‘ಶುದ್ಧಿ’. ಮೂರು ಸಲ ಹಾಕಿಸಿದೆ, ಮೂರು ಸಲವೂ ‘ಶುದ್ಧಿ’ಯೇ.

ಇಷ್ಟರಿಂದ ಮೆಟಾದ ಬೆಲೆ ದಂಡ ಎಂದು ನಾನು ಹೇಳಲಾರೆ. ಒಳ್ಳೆಯ ಮುದ್ರಣ, ಶಾಂತವಾದ ಕೋಣೆ, ಕೂತು ಕೇಳುವ ಪುರುಸೊತ್ತು ಇದ್ದವರಿಗೆ ಆ ಹೆಚ್ಚಿನ ದುಡ್ಡು ನಿಜವಾದದ್ದನ್ನೇ ತಂದುಕೊಡುತ್ತದೆ. ಹತ್ತರಲ್ಲಿ ಒಂಬತ್ತು ಸಲ ಕೇಳಿದ ನನ್ನ ಕಿವಿಯೇ ಅದಕ್ಕೆ ಸಾಕ್ಷಿ. ಆದರೆ ಸ್ಪೀಕರ್ ಸಾಲಿನಲ್ಲಿ ಕೊನೆಗೆ ನಿಂತದ್ದು. ಟೇಪು, ಹೆಡ್ಡು, ಗೋಡೆ ದಾಟಿ ಬಂದದ್ದನ್ನಷ್ಟೇ ಅದು ಹೇಳಬಲ್ಲದು, ಮುಂಚೆಯೇ ಕಳೆದುಹೋದದ್ದನ್ನು ಎಷ್ಟು ದುಡ್ಡು ಕೊಟ್ಟರೂ ಹುಡುಕಿ ತಾರದು. ಸುಧಾರಿತ ಆವೃತ್ತಿಗೆ ಮನಸೋಲುವ ಮುನ್ನ ನಮ್ಮ ಸದ್ದು ಎಲ್ಲಿ ಸೋರುತ್ತಿದೆ ಎಂದು ನೋಡಿಕೊಳ್ಳುವುದು ಒಳಿತು.

ನನ್ನ ಪಟ್ಟಿಯಲ್ಲಿ ಇನ್ನೂ ಹಲವು ಶಬ್ದಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇದೆ. ಕ್ಯಾಸೆಟ್ಟುಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತಿವೆ. ಮುಂದಿನ ಕಂತಿನ ಫೆಲೋಶಿಪ್ ಬಂದಾಗ ಮೆಕ್ಯಾನಿಕ್ಕನ್ನು ಇನ್ನೆರಡು ದಿನ ಕರೆಸಬೇಕು.