ಟೂರ್ ಮುಗಿದ ಮೇಲಿನ ಮೂರು ದಿನ

ಕಳೆದ ಚಳಿಗಾಲದಲ್ಲಿ ಅತ್ತೆ-ಮಾವ ಬೆಂಗಳೂರಿನಿಂದ ಟೂರ್ ಗುಂಪಿನೊಡನೆ ಬಂದಿದ್ದರು. ಗುಂಪು ಮರಳಿದ ಮೇಲೆ ಮೂರು ದಿನ ನಮ್ಮಲ್ಲಿ ಉಳಿದರು. ಬುರ್ಜ್ ಖಲೀಫಾ, ಮರುಭೂಮಿ ಸಫಾರಿ, ಅಬುಧಾಬಿಯ ಶೇಖ್ ಝಾಯೆದ್ ಮಸೀದಿ ಎಲ್ಲ ನೋಡಿದ್ದರು; ನಾವು ಬದುಕುವ ದುಬೈ ನೋಡಿರಲಿಲ್ಲ.

1 ದಿರ್ಹಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ ದೇರಾಕ್ಕೆ ಹೋದೆವು. ಸಾಂಬಾರ ಪದಾರ್ಥಗಳ ಸೂಕ್‌ನಲ್ಲಿ ಅತ್ತೆ ಏಲಕ್ಕಿ ಮೂಸಿ, "ನಮ್ಮ ಸಕಲೇಶಪುರದ್ದೇ ವಾಸಿ" ಎಂದರು. ಮರುದಿನ ಮಾವ ಮೆಟ್ರೋದಲ್ಲಿ ನನ್ನ ಕಚೇರಿಯವರೆಗೂ ಬಂದರು. "20 ವರ್ಷದಿಂದ ದಿನಾ ಇಲ್ಲಿಗೇ ಬರುತ್ತೀಯಾ?" ಎಂದು ಕೇಳಿ, ಬಹಳ ಹೊತ್ತು ಕಟ್ಟಡವನ್ನೇ ನೋಡುತ್ತ ನಿಂತರು.

ಹಿರಿಯರನ್ನು ಹೀಗೆ ಕರೆಸುವವರು ಹಣ ಕಟ್ಟುವ ಮೊದಲೇ ಏಜೆಂಟರನ್ನು ಎರಡು ಮಾತು ಕೇಳಿ: ಗುಂಪಿನ ಟಿಕೆಟ್‌ನಲ್ಲಿ ಮರಳುವ ದಿನ ಬೇರೆ ಹಾಕಬಹುದೇ? ವೀಸಾ ಅಷ್ಟು ದಿನಕ್ಕಿದೆಯೇ? ಅವಧಿ ಮೀರಿದರೆ ದಿನಲೆಕ್ಕದಲ್ಲಿ ದಂಡ ಬೀಳುತ್ತದೆ.