ಬಾದಾಮಿಯ ಬಂಡೆಯೂ ನನ್ನ ಹೊಲಿಗೆಯೂ

ಬಾದಾಮಿಗೆ ಹೋದವರೆಲ್ಲ ಗುಹಾಲಯಗಳನ್ನು ನೋಡಿ ಬರುತ್ತಾರೆ. ನಾನು ಹೋದದ್ದು ಒಂದು ಪ್ಯಾಂಟಿನ ಹೊಲಿಗೆ ಗಟ್ಟಿಯಿದೆಯೇ ಎಂದು ನೋಡಲು ಎಂದರೆ ನೀವು ನಗುತ್ತೀರೋ ಏನೋ! ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲೂ ಎಲ್ಲರೂ ನಕ್ಕರು.

ವಿಷಯ ಹೀಗಿದೆ. ಕಾಲೇಜು ಸೇರಿದ ಮೇಲೆ ನನ್ನ ಮಗಳಿಗೆ ಶಿಲಾರೋಹಣದ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ಗೆಳತಿಯರ ಜೊತೆ ರಾಮನಗರದ ಕಡೆ ಹೊರಟಳೇ! 1975ರಲ್ಲಿ ಬಂದ ‘ಶೋಲೆ’ ಚಿತ್ರದಲ್ಲಿ ನೀವೆಲ್ಲ ನೋಡಿರುವಿರಲ್ಲ, ಅದೇ ಬಂಡೆಗಳ ಊರು. ಒಂದು ಭಾನುವಾರ ಸಂಜೆ ಸ್ವೆಟರನ್ನು ಸೊಂಟಕ್ಕೆ ಸುತ್ತಿಕೊಂಡು, ಮಾತಿಲ್ಲದೆ ಒಳಗೆ ಬಂದಳು. ಕಾಲನ್ನು ಎತ್ತರಕ್ಕೆ ಎತ್ತಿ ಮೇಲಿನ ಮೆಟ್ಟಿಗೆ ಇಡುವಾಗ, ಅಂಗಡಿಯಿಂದ ತಂದ ಪ್ಯಾಂಟು ಆಸನದ ಹತ್ತಿರ ಪರ್ರನೆ ಹರಿದಿತ್ತಂತೆ. ಕೆಳಗೆ ಹತ್ತು ಹದಿನೈದು ಹುಡುಗರು. “ಇನ್ನು ನಾನು ಹೋಗಲ್ಲಮ್ಮ” ಅಂದಳು.

ನಮ್ಮ ಯಜಮಾನರಿಗೆ ಸಮಾಧಾನವಾಯಿತು. ನನಗೂ ಒಳಗೊಳಗೆ ಸಮಾಧಾನವೇ ಆಯಿತೆಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಆದರೆ ಮೂರು ಭಾನುವಾರ ಆಕೆ ಮುಖ ಸಣ್ಣದು ಮಾಡಿಕೊಂಡು ಮಹಡಿಯ ಮೇಲೆ ಕುಳಿತದ್ದನ್ನು ನೋಡಿ ನನಗೆ ಆ ಪ್ಯಾಂಟಿನ ಮೇಲೇ ಸಿಟ್ಟು ಬಂತು. ಹುಡುಗಿ ಕೈಲಾಗದೆ ಬಿಟ್ಟರೆ ಸರಿ, ಹೆದರಿ ಬಿಟ್ಟರೂ ಸರಿ. ಕೆಟ್ಟ ಹೊಲಿಗೆಗಾಗಿ ಬಿಡುವುದೆಂದರೇನು?

ಆ ಪ್ಯಾಂಟನ್ನು ಬಿಚ್ಚಿ ನೋಡಿದೆ. ಹೊಲಿಗೆ ಬಲ್ಲ ನಿಮಗೆ ತಿಳಿದಿರುತ್ತದೆ: ಎರಡು ಕಾಲಿನ ಒಳ ಹೊಲಿಗೆ, ಹಿಂದಿನ ಹೊಲಿಗೆ, ಮುಂದಿನ ಹೊಲಿಗೆ, ನಾಲ್ಕೂ ಒಂದೇ ಬಿಂದುವಿನಲ್ಲಿ ಬಂದು ಸೇರುತ್ತವೆ. ಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿದರೆ ಇಡೀ ಎಳೆತ ಅದೊಂದು ಬಿಂದುವಿನ ಮೇಲೆ. ಹರಿಯದೆ ಇನ್ನೇನಾದೀತು? ನಮ್ಮ ಸಲ್ವಾರಿಗೆ ಮಿಯಾನಿ ಅಂತ ಒಂದು ತುಂಡು ಕೊಡುತ್ತಾರಲ್ಲ, ಅದನ್ನೇ ಇಲ್ಲಿಗೆ ತಂದೆ. ಬದಿಗೆ ನಾಲ್ಕು ಇಂಚು ಬರುವ ಹಾಗೆ ಶಂಕರಪೋಳಿ ಆಕಾರದ ತುಂಡು ಕತ್ತರಿಸಿ ನಡುವೆ ಕೂಡಿಸಿದರೆ, ನಾಲ್ಕು ಹೊಲಿಗೆಗಳು ಒಂದೆಡೆ ಸೇರುವುದೇ ಇಲ್ಲ. ಎಳೆತ ಹಂಚಿಹೋಗುತ್ತದೆ. ಬಂಡೆ ಹತ್ತುವವರಿಗೆಂದೇ ಮಾಡುವ ಪ್ಯಾಂಟುಗಳಲ್ಲೂ ಇದೇ ಉಪಾಯವಿದೆ ಎಂದು ಆಮೇಲೆ ತಿಳಿಯಿತು.

ಇನ್ನು ಬಟ್ಟೆ. ರಾಮನಗರದ ಕಲ್ಲು ಗ್ರಾನೈಟು. ಸುಮಾರು 250 ಕೋಟಿ ವರ್ಷ ಹಳೆಯದಂತೆ, ಆ ಊರಿಗೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರೇ ಈ ಕಲ್ಲಿಗೂ ಇದೆ. ಹರಳು ಹರಳಾಗಿ ಒರಟು. ಮಂಡಿ ತಾಗಿದರೆ ತುರಿಯೋಮಣೆಗೆ ಕೊಬ್ಬರಿ ತಾಗಿದ ಹಾಗೆ. ನಮ್ಮ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲೂ ಗ್ರಾನೈಟೇ ತಾನೆ? ಇಟ್ಟಿಗೆಗೆ ಬಟ್ಟೆ ಸುತ್ತಿ ಆ ಕಲ್ಲಿನ ಮೇಲೆ ಎಣಿಸಿ ಎಣಿಸಿ ಉಜ್ಜಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ “ಇದೇನ್ರೀ ವ್ರತ?” ಅಂತ ಕೇಳಿದರು. ಪಾಪ್ಲಿನ್ನು ಬೇಗ ಬಾಯಿಬಿಟ್ಟಿತು. ಹಿಗ್ಗುವ ಜೀನ್ಸಿನಲ್ಲಿ ಮೇಲಿನ ನೂಲು ಸವೆದು ಒಳಗಿನ ರಬ್ಬರಿನಂಥ ಎಳೆಗಳು ಇಣುಕಿದವು. ದಪ್ಪ ಜೀನ್ಸು ಎಲ್ಲಕ್ಕಿಂತ ಹೆಚ್ಚು ತಾಳಿತು, ನಿಜ. ಆದರೆ ಅದನ್ನು ಹಾಕಿದರೆ ಮಂಡಿ ಮಡಚುವುದೇ ಕಷ್ಟ, ಒದ್ದೆಯಾದರೆ ಒಣಗಲು ಎರಡು ದಿನ. ಕೊನೆಗೆ ಗೆದ್ದದ್ದು ಹತ್ತಿಯ ಡ್ರಿಲ್ಲು, ಹಿಂದೆ ಪೊಲೀಸರ ಖಾಕಿ ಹೊಲಿಯುತ್ತಿದ್ದರಲ್ಲ, ಅಂಥದ್ದು. ಅದನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆಯೇ ಕತ್ತರಿಸಬೇಕು. ನಾನು ಮೊದಲನೆಯದನ್ನು ನೆನೆಸದೆ ಹೊಲಿದು, ಒಂದು ಒಗೆತಕ್ಕೆ ಕಣಕಾಲಿಂದ ಮೇಲೆ ಹೋಯಿತು!

ಎರಡನೆಯದಕ್ಕೆ ಮಂಡಿಯ ಎರಡೂ ಪಕ್ಕ ಚಿಕ್ಕ ಡಾರ್ಟು ಹಿಡಿದೆ. ರವಿಕೆಗೆ ಹಿಡಿಯುತ್ತೇವಲ್ಲ, ಹಾಗೆಯೇ. ಕಾಲು ಮಡಚಿದಂತೆಯೇ ಬಟ್ಟೆಯೂ ಕೂರುತ್ತದೆ, ಬಿಗಿಯುವುದಿಲ್ಲ. ಮಂಡಿಗೆ ಎರಡು ಪದರ. ಕಾಲಿನ ತುದಿ ಕಿರಿದು, ಇಲ್ಲದಿದ್ದರೆ ತನ್ನ ಪಾದ ಎಲ್ಲಿಟ್ಟೆ ಎಂದು ಅವಳಿಗೇ ಕಾಣುವುದಿಲ್ಲ. ಈ ಎರಡನೆಯದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಕಾಲೆತ್ತಿ ನೋಡಿ, “ಅಮ್ಮ, ಬಾದಾಮಿಗೆ ಹೋಗ್ತೀನಿ” ಅಂದಳು. “ನಾನೂ ಬರ್ತೀನಿ” ಅಂದೆ. ಯಜಮಾನರ ಷರತ್ತೂ ಅದೇ ಆಗಿತ್ತು: ನೀನು ಕಣ್ಣಾರೆ ನೋಡಿ ಬಂದು ಹೇಳು, ಆಮೇಲೆ ಮುಂದಿನದು.

ಬೆಂಗಳೂರಿನಿಂದ ರಾತ್ರಿ ರೈಲು. ನಿಲ್ದಾಣದಿಂದ ಊರಿಗೆ ನಾಲ್ಕೈದು ಕಿಲೋಮೀಟರು, ಆಟೋ ಸಿಗುತ್ತದೆ. ಅಗಸ್ತ್ಯ ತೀರ್ಥದ ಕೆರೆ, ಮೂರು ಕಡೆ ಕುಂಕುಮದಲ್ಲಿ ಅದ್ದಿದಂಥ ಬಂಡೆಗೋಡೆ. ಎಳೆ ಬಿಸಿಲು ಬಿದ್ದಾಗ ನೋಡಬೇಕು! ಇದು ಮರಳುಗಲ್ಲು, ಕಬ್ಬಿಣದ ಅಂಶದಿಂದ ಆ ಕೆಂಪು. ಪದರ ಪದರವಾಗಿರುವುದರಿಂದ ಬೆರಳಿಗೆ ಹಿಡಿ ಸಿಗುತ್ತದೆ. ಅದಕ್ಕೇ ಎಲ್ಲೆಲ್ಲಿಂದಲೋ ಹತ್ತುವವರು ಇಲ್ಲಿಗೆ ಬರುತ್ತಾರೆ. 543ರಲ್ಲಿ ಒಂದನೆಯ ಪುಲಿಕೇಶಿ ಕೋಟೆ ಕಟ್ಟಿಸಿದ್ದೂ ಇಂಥದೇ ಬಂಡೆಯ ನೆತ್ತಿಯ ಮೇಲೆ. ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ, 578ರ ಶಾಸನವಿದೆ. ನೋಡಿದೆ. ಆದರೆ ಸುಳ್ಳೇಕೆ ಹೇಳಲಿ, ಮನಸ್ಸೆಲ್ಲಾ ಆ ಮಿಯಾನಿಯ ಮೇಲೇ ಇತ್ತು.

ಸ್ಮಾರಕಗಳಿಂದ ದೂರದ ಒಂದು ಗೋಡೆಗೆ ಕರೆದುಕೊಂಡು ಹೋದರು. ಸೊಂಟಕ್ಕೂ ತೊಡೆಗಳಿಗೂ ಪಟ್ಟಿ ಬಿಗಿದು, ಅದಕ್ಕೆ ಹಗ್ಗ ಕಟ್ಟಿದರು. ಕೆಳಗೆ ಗೆಳತಿಯೊಬ್ಬಳು ಹಗ್ಗ ಹಿಡಿದು ನಿಂತಳು. ನಾನು ಕೋತಿಗಳಿಂದ ಊಟದ ಚೀಲ ಕಾಯುತ್ತಾ ಒಂದು ಕಲ್ಲಿನ ಮೇಲೆ ಕುಳಿತೆ. ನಮ್ಮ ಪುಟ್ಟಿ ಮೂರಾಳು ಎತ್ತರ ಹೋದಳು. ಅಲ್ಲಿ ಎಡಗಾಲನ್ನು ಎತ್ತಿ ಎದೆಯ ಮಟ್ಟಕ್ಕೆ ಇಟ್ಟಳು. ಇಲ್ಲಿ ನನ್ನ ಉಸಿರು ನಿಂತಿತ್ತು. ಹೊಲಿಗೆ ನಿಂತಿತು. ಮತ್ತೆರಡು ಹೆಜ್ಜೆ. ಇದ್ದಕ್ಕಿದ್ದಂತೆ ಕೈ ಜಾರಿ ಆರಡಿ ಕೆಳಗೆ ಬಿದ್ದೇಬಿಟ್ಟಳು! ನಾನು ಕಿರುಚಿದೆ. ಹಗ್ಗ ಹಿಡಿಯಿತು, ಅವಳು ಗಾಳಿಯಲ್ಲಿ ತೂಗಾಡಿದಳು. ತೂಗಾಡುತ್ತಲೇ ಕೂಗಿದಳು: “ಅಮ್ಮಾ, ಹರಿದಿಲ್ಲ!”

ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮಧ್ಯಾಹ್ನ ಬನಶಂಕರಿಗೆ ಹೋದೆವು, ಅಲ್ಲಿಂದ ಐದು ಕಿಲೋಮೀಟರು. ಗುಡಿಯ ಹತ್ತಿರ ಹೆಂಗಸರು ಬುಟ್ಟಿ ಹೊತ್ತು ಬಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು ಮಾರುತ್ತಾರೆ. ನೀವು ಹೋದರೆ ಹೋಟೆಲಿಗೆ ಹೋಗಬೇಡಿ, ಇದನ್ನೇ ತಿನ್ನಿ. ಬಡಿಸುತ್ತಿದ್ದ ಅಜ್ಜಿಗೆ ಮಗಳ ಪ್ಯಾಂಟಿನ ಕಥೆ ಹೇಳಿದೆ. ಇಳಕಲ್ ಸೀರೆಗೆ ಕಚ್ಚೆ ಹಾಕಿದ್ದ ಆಕೆ, “ಇದಕ ಇಷ್ಟ ಯಾಕ ಒದ್ದಾಡ್ತೀಯವಾ? ಕಚ್ಚಿ ಹಾಕ್ಕೊಂಡ್ರ ಗುಡ್ಡಾ ಏರಾಕ ಬರೂದಿಲ್ಲೇನು?” ಅಂದಳು. ಸರಿಯಾಗಿಯೇ ಇದೆಯಲ್ಲ! ವಿದೇಶದ ಹೆಂಗಸರ ಪಾಡು ನೋಡಿ: 1871ರಲ್ಲಿ ಲೂಸಿ ವಾಕರ್ ಎಂಬಾಕೆ ಉದ್ದ ಲಂಗದಲ್ಲೇ ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಏರಿದರು. 1895ರಲ್ಲಿ ಅದೇ ಶಿಖರವನ್ನು ಆನಿ ಪೆಕ್ ಷರಾಯಿ ತೊಟ್ಟು ಏರಿದಾಗ, ಜನ ಶಿಖರದ ಮಾತು ಬಿಟ್ಟು ಷರಾಯಿಯ ಮಾತಾಡಿದರು.

ಸಂಜೆ ಕೋಣೆಯಲ್ಲಿ ಪ್ಯಾಂಟನ್ನು ತಿರುಗಿಸಿ ನೋಡಿದೆ. ಮಂಡಿಯ ಮೇಲ್ಪದರ ನವಿರಾಗಿ ಸವೆದಿತ್ತು, ಒಳಪದರಕ್ಕೆ ಏನೂ ಆಗಿರಲಿಲ್ಲ. ಹಿಂದಿನ ಜೇಬಿನ ಮೂಲೆ ಕಿತ್ತಿತ್ತು. ಅಲ್ಲಿ ಬಾಬಿನ್ನಿನಲ್ಲಿದ್ದ ಹತ್ತಿಯ ದಾರವನ್ನೇ ಓಡಿಸಿದ್ದೆ, ಸೋಮಾರಿತನ. ಪಾಲಿಯೆಸ್ಟರ್ ದಾರವೇ ಬೇಕು, 16ನೇ ನಂಬರಿನ ಸೂಜಿಯೇ ಬೇಕು. ಹಾಗೆ ನೋಡಿದರೆ ಹಿಂದೆ ಜೇಬೇ ಬೇಡ, ತೊಡೆಯ ಪಕ್ಕಕ್ಕೆ ಜಿಪ್ಪಿನ ಜೇಬು ಸಾಕು. ದೊಡ್ಡ ತಪ್ಪು ಸೊಂಟದ್ದು. ಲಾಡಿಯ ಗಂಟು ನಡುವೆ ಬಂದು ಪಟ್ಟಿಯ ಕೆಳಗೆ ಸಿಕ್ಕಿ, ಬಿದ್ದಾಗ ಹೊಟ್ಟೆಗೆ ಒತ್ತಿ ಕೆಂಪಗೆ ಬರೆ ಎದ್ದಿತ್ತು. ಅವಳು ಅದನ್ನು ಹೇಳಿರಲೇ ಇಲ್ಲ, ನಾನು ಬೇಜಾರು ಮಾಡಿಕೊಳ್ಳುತ್ತೇನೆಂದು. “ಹೇಳದಿದ್ರೆ ನಾನು ತಿದ್ದೋದು ಹೇಗೆ?” ಅಂತ ಚೆನ್ನಾಗಿ ಬೈದೆ.

ನೀವು ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ಆ ಬಂಡೆ ಕಾದ ಹಂಚು. ಮಕ್ಕಳು ಹತ್ತುವುದಾದರೆ ಬಲ್ಲವರ ಜೊತೆ, ಹಗ್ಗ ಮತ್ತು ಹೆಲ್ಮೆಟ್ಟಿನೊಂದಿಗೆ ಮಾತ್ರ.

ಮನೆಗೆ ಬಂದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, “ಏನಂತೀಯ?” ಅಂದರು. “ಗಂಟು ಪಕ್ಕಕ್ಕೆ ಬರಬೇಕು” ಅಂದೆ. ಅವರಿಗೆ ಅರ್ಥವಾಗಲಿಲ್ಲ. ಮೂರನೆಯದಕ್ಕೆ ಡ್ರಿಲ್ಲು ನೆನೆಹಾಕಿದ್ದೇನೆ. ಹಗ್ಗ ಹಿಡಿದಿದ್ದ ಗೆಳತಿಯ ಅಳತೆಯೂ ಬಂದಿದೆ.