ನೀರಿನೊಳಗಿದ್ದೂ ನೀರಡಿಕೆ

ಕಳೆದ ಮಾಘಮಾಸದ ಒಂದು ಸಂಜೆ ನಮ್ಮ ಮೊಮ್ಮಗನು ತಾಸಗಾಂವದ ಒಣದ್ರಾಕ್ಷಿಯ ಪೊಟ್ಟಣವನ್ನು ಬಿಚ್ಚಿ, ಎರಡು ಬಟ್ಟಲುಗಳನ್ನು ಮುಂದಿಟ್ಟುಕೊಂಡು ಅಡಿಗೆಮನೆಯ ಹೊಸ್ತಿಲ ಬಳಿ ಕುಳಿತಿದ್ದನು. ಒಂದರಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಸಕ್ಕರೆಯ ಗಟ್ಟಿ ಪಾಕ. ನೀರಿನಲ್ಲಿ ಹಾಕಿದ ದ್ರಾಕ್ಷಿಗಳು ರಾತ್ರಿಯ ಊಟದ ಹೊತ್ತಿಗೆ ಉಬ್ಬಿ ಗುಂಡಾದವು. ಅವನ್ನೇ ಎತ್ತಿ ಪಾಕದಲ್ಲಿ ಬಿಡಲು, ಬೆಳಗಾಗುವುದರೊಳಗೆ ಮತ್ತೆ ಸುಕ್ಕುಗಟ್ಟಿದವು. “ಪಾಕದಲ್ಲಿಯೂ ನೀರಿದೆಯಲ್ಲ, ಅದರೊಳಗೇ ಮುಳುಗಿದ್ದರೂ ಇವು ಒಣಗಿದ್ದೇಕೆ?” ಎಂದು ಕೇಳಿದನು. ಉತ್ತರವು ಅವನ ಪುಸ್ತಕದಲ್ಲಿಯೇ ಇತ್ತು. ಆದರೆ ಆ ಪ್ರಶ್ನೆ ನಮ್ಮನ್ನು ಹಿಡಿದು ಅಲ್ಲಾಡಿಸಿತು. ನೀರಿನ ಮಗ್ಗುಲಲ್ಲಿದ್ದೂ ಒಣಗಿಹೋದುದನ್ನು ನಾವು ನಮ್ಮ ಬಾಳಿನಲ್ಲಿ ಎರಡು ಸಲ ಕಂಡಿದ್ದೇವೆ. ಒಮ್ಮೆ ಹೊಲದಲ್ಲಿ, ಒಮ್ಮೆ ತೊಟ್ಟಿಲಲ್ಲಿ.

ಮೊಮ್ಮಗನು ಮಿರಜದಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿಯುವವನು. ಸಾಂಗಲಿಯಲ್ಲಿರುವ ಮಗಳ ಮಗಳು ಮರಾಠಿ ಶಾಲೆಯವಳು. ಇಬ್ಬರೂ ಕೂಡಿದರೆ ಹೆಸರುಗಳಿಗಾಗಿ ಜಗಳ. ಅವನ ‘ಜೀವಕೋಶ’ ಅವಳಿಗೆ ‘ಪೇಶಿ’, ಅವನ ‘ಅಭಿಸರಣೆ’ ಅವಳಿಗೆ ‘ಪರಾಸರಣ’, ಅವನ ‘ರಸದಾನಿ’ ಅವಳಿಗೆ ‘ರಿಕ್ತಿಕಾ’. ಪೇಶಿಯೆಂದರೆ ಮಾಂಸಖಂಡವಲ್ಲವೇ ಎಂದು ನಾವು ನಡುವೆ ಬಾಯಿ ಹಾಕಿ ನಗೆಗೀಡಾದೆವು. ಆದರೂ ಒಂದು ಮಾತು: ರಿಕ್ತವೆಂದರೆ ಬರಿದು, ಸಸ್ಯದ ಕೋಶದಲ್ಲಿರುವುದು ಬರಿದಲ್ಲ, ರಸ ತುಂಬಿದ ಕೊಡ. ಈ ಒಂದು ಹೆಸರಿನ ಮಟ್ಟಿಗೆ ನಾವು ಕನ್ನಡದ ಪಕ್ಷವನ್ನೇ ವಹಿಸಿದೆವು.

ಹೆಸರು ಯಾವುದಿದ್ದರೂ ಒಳಗಿನ ಸಂಸಾರ ಒಂದೇ. ನಮ್ಮ ಕಡೆಯ ಹಳೆಯ ವಾಡೆಯನ್ನು ನೆನೆದರೆ ಸಾಕು. ಒಳಗೆ ಕೋಶಕೇಂದ್ರ, ವಂಶದ ಕಾಗದಪತ್ರಗಳನ್ನೆಲ್ಲ ಕಾದಿಟ್ಟ ದಫ್ತರದ ಕೋಣೆ. ಅಲ್ಲಿಂದ ಬಂದ ಚೀಟಿಯಂತೆ ಪ್ರೋಟೀನು ಕಟ್ಟುವ ರೈಬೋಸೋಮುಗಳು ಕೆಲಸಗಾರರು. ಆಹಾರವನ್ನು ಉರಿಸಿ ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯಗಳು ಆರದ ಒಲೆಗಳು. ಸಸ್ಯದಲ್ಲಾದರೆ ರಸದಾನಿಯೆಂಬ ದೊಡ್ಡ ಹರವಿ. ಅದು ತುಂಬಿದ್ದರೆ ಎಲೆ ನಿಗುರಿ ನಿಲ್ಲುತ್ತದೆ, ಇಳಿದರೆ ಬಾಡುತ್ತದೆ. ಇವೆಲ್ಲದರ ಸುತ್ತ ಕೋಶಪೊರೆ, ಕೊಬ್ಬಿನ ಕಣಗಳು ಎರಡು ಸಾಲಾಗಿ ನಿಂತು ಆದ ಅತಿ ತೆಳುವಾದ ಪರದೆ. ನೀರು ಅದರಲ್ಲಿ ಸಲೀಸಾಗಿ ಹಾದುಹೋಗುತ್ತದೆ. ನೀರಿಗೆಂದೇ ಅಲ್ಲಿ ಪ್ರೋಟೀನಿನ ಕಿಂಡಿಗಳುಂಟೆಂದು ತೋರಿಸಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಉಪ್ಪಿಗೂ ಸಕ್ಕರೆಗೂ ಅಂಥ ಮುಕ್ತದ್ವಾರವಿಲ್ಲ. ಆದುದರಿಂದ ಪೊರೆಯ ಯಾವ ಮಗ್ಗುಲಲ್ಲಿ ಅವು ಹೆಚ್ಚಾಗಿ ಕರಗಿವೆಯೋ ಆ ಮಗ್ಗುಲಿಗೆ ನೀರು ಸರಿಯುತ್ತದೆ. ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಿಗೆ ಭರಣಿಯಲ್ಲಿ ನೀರು ನಿಲ್ಲುವುದು ಈ ನಿಯಮದಿಂದಲೇ.

ಹೊಲದ ಮಾತನ್ನು ಮೊದಲು ಹೇಳುತ್ತೇವೆ. ಕೃಷ್ಣೆಯ ದಂಡೆಯಲ್ಲಿ ನಮ್ಮದು ಎರಡೂವರೆ ಎಕರೆ ಎರೆಭೂಮಿ. ತಂದೆಯವರ ಕಾಲದಲ್ಲಿ ಅಲ್ಲಿ ಜೋಳ, ಅರಿಸಿನ. ಹೊಳೆಯ ನೀರನ್ನು ಮೇಲೆತ್ತುವ ಪಂಪು ಬಂದ ಮೇಲೆ ಕಬ್ಬು. ಕಬ್ಬಿಗೆ ನೀರು ಹೆಚ್ಚಾಯಿತೆಂಬುದೇ ಇಲ್ಲವೆಂದು ನಾವು ನಂಬಿದ್ದೆವು. ಮಡಿ ತುಂಬಿ ಚೆಲ್ಲುವವರೆಗೆ ಬಿಡುತ್ತಿದ್ದೆವು. ಎರೆಯಲ್ಲಿ ನೀರು ಬೇಗ ಬಸಿದುಹೋಗದು. ನೆಲದೊಳಗಿನ ನೀರು ವರ್ಷವರ್ಷಕ್ಕೂ ಏರುತ್ತ, ಮಣ್ಣಿನ ಲವಣವನ್ನು ಕರಗಿಸಿಕೊಂಡು ಮೇಲಕ್ಕೆ ಬಂತು. ಬಿಸಿಲಿಗೆ ನೀರು ಆರಿತು, ಲವಣ ಉಳಿಯಿತು. ಒಂದು ಬೇಸಿಗೆ ನೋಡುತ್ತೇವೆ, ಬದುವಿನ ಪಕ್ಕದಲ್ಲಿ ಸುಣ್ಣ ಚೆಲ್ಲಿದಂತೆ ಬಿಳುಪು! ಮರಾಠಿಯಲ್ಲಿ ಇದನ್ನು ಕ್ಷಾರಪಡ ಎನ್ನುತ್ತಾರೆ, ನಾವು ಸವಳು ಎನ್ನುತ್ತೇವೆ. ಸಾಂಗಲಿ ಜಿಲ್ಲೆಯ ನೀರಾವರಿಯ ಸೀಮೆಯಲ್ಲಿ ಎಷ್ಟೋ ಒಕ್ಕಲುಮನೆಗಳು ಇದರ ಪೆಟ್ಟು ತಿಂದಿವೆ.

ಕಬ್ಬಿನ ಎಲೆಯ ತುದಿ ಸುಟ್ಟಂತಾಯಿತು. ಆಗ ನಾವು ಮಾಡಿದುದೇನು? ಪೈರು ಬಾಡಿತೆಂದು ಇನ್ನಷ್ಟು ನೀರು ಬಿಟ್ಟೆವು. ಬೇರಿನ ಕೋಶದೊಳಗಿನ ರಸಕ್ಕಿಂತ ಹೊರಗಿನ ನೀರೇ ಹೆಚ್ಚು ಉಪ್ಪಾದರೆ ಬೇರು ಕುಡಿಯಲಾರದು, ತನ್ನಲ್ಲಿದ್ದುದನ್ನೂ ಕಳೆದುಕೊಂಡೀತು. ಕೆಸರಿನಲ್ಲಿ ನಿಂತ ಕಬ್ಬು ನೀರಡಿಸಿ ಸತ್ತಿತು.

ಇನ್ನೊಂದು ಮಾತನ್ನು ಬರೆಯಲು ಕೈ ತಡೆಯುತ್ತದೆ. 1966ರ ಬೇಸಿಗೆ. ನಮ್ಮ ಕಿರಿಯ ತಂಗಿಗೆ ಆಗ ಒಂದೂವರೆ ವರ್ಷ, ನಮಗೆ ಹತ್ತು. ಮುಂಜಾನೆಯಿಂದ ಕೂಸಿಗೆ ವಾಂತಿಭೇದಿ. ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂಬುದು ಹಿರಿಯರ ತಿಳಿವಳಿಕೆ, ಊರಿನದೂ ಅದೇ. ಕೂಸು ತುಟಿಯನ್ನು ನೆಕ್ಕುತ್ತ ನೀರಿನ ಹರವಿಯ ಕಡೆಗೆ ಕೈಚಾಚುತ್ತಿತ್ತು. ಯಾರೂ ಮರುಗಿ ನೀರು ಕೊಡದಂತೆ ನೋಡಿಕೊಳ್ಳಲು ತೊಟ್ಟಿಲ ಬಳಿ ಕಾವಲು ಕುಳ್ಳಿರಿಸಿದ್ದು ನಮ್ಮನ್ನು. ನಾವು ಕಾವಲನ್ನು ಚೆನ್ನಾಗಿಯೇ ಕಾದೆವು. ಮರುದಿನ ಬೆಳಗಿನ ಜಾವ ಚಕ್ಕಡಿ ಹೂಡಿ ಮಿರಜಕ್ಕೆ ಹೊರಟರು. ವಿಲಿಯಂ ವಾನ್ಲೆಸ್‌ರು 1894ರಲ್ಲಿ ಅಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಮಿರಜವೆಂದರೆ ದವಾಖಾನೆಗಳ ಊರು. ಅಥಣಿ, ಜಮಖಂಡಿ, ಚಿಕ್ಕೋಡಿಗಳಿಂದ ಜನ ಬರುವ ಊರು. ನಮಗೋ ಎರಡು ಹರದಾರಿಯ ದಾರಿ. ಅಷ್ಟು ಸಮೀಪದ ದಾರಿಗೆ ನಾವು ಒಂದು ಹಗಲು, ಒಂದು ರಾತ್ರಿ ತಡೆದು ಹೊರಟಿದ್ದೆವು. ನಡುದಾರಿಯಲ್ಲಿಯೇ ಎಲ್ಲ ಮುಗಿಯಿತು.

ಭೇದಿಯಲ್ಲಿ ನೀರಿನೊಡನೆ ಉಪ್ಪೂ ಹರಿದುಹೋಗುತ್ತದೆ. ಬರಿಯ ನೀರನ್ನು ಕುಡಿಸಿದರೆ ಆ ನಷ್ಟವು ತುಂಬಿ ಬರುವುದಿಲ್ಲ. ಆದರೆ ಕರುಳಿನ ಕೋಶಗಳ ಪೊರೆಯಲ್ಲಿ ವಿಚಿತ್ರವಾದ ಬಾಗಿಲೊಂದುಂಟು. ಉಪ್ಪಿನ ಸೋಡಿಯಂ, ಸಕ್ಕರೆಯ ಗ್ಲೂಕೋಸ್ ಎರಡೂ ಜೊತೆಯಾಗಿ ಬಂದರೆ ಮಾತ್ರ ಅದು ಒಳಗೆ ಬಿಡುತ್ತದೆ: ಎರಡು ಸೋಡಿಯಮ್ಮಿಗೆ ಒಂದು ಗ್ಲೂಕೋಸ್. ಕಾಲರಾ ಬೇನೆಯಲ್ಲಿ ಕೂಡ ಈ ಬಾಗಿಲು ಕೆಡುವುದಿಲ್ಲ. ಹೀಗೆ ಒಳಬಂದ ಸೋಡಿಯಮ್ಮನ್ನು ಕೋಶದ ಹಿಂಬದಿಯ ಪಂಪು ರಕ್ತದ ಕಡೆಗೆ ನೂಕುತ್ತದೆ. ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ಯೆನ್ಸ್ ಸ್ಕೋ 1957ರಲ್ಲಿ ಕಂಡ ಪಂಪು ಇದು. ಇದಕ್ಕೆ ಬೇಕಾದ ಶಕ್ತಿ ಆ ಆರದ ಒಲೆಗಳಿಂದ. ಉಪ್ಪು ಸರಿದತ್ತ ನೀರೂ ಸರಿಯುತ್ತದೆ. ನಮ್ಮ ಕಬ್ಬನ್ನು ಕೊಂದ ನಿಯಮವೇ ಇಲ್ಲಿ ಕೂಸನ್ನು ಉಳಿಸುತ್ತದೆ; ಉಪ್ಪು ಪೊರೆಯ ಯಾವ ಮಗ್ಗುಲಲ್ಲಿ ನಿಂತಿದೆ ಎಂಬುದಷ್ಟೇ ಭೇದ.

ಈ ಜೋಡಿಬಾಗಿಲಿನ ಕಲ್ಪನೆಯನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮುಂದಿಟ್ಟರು. 1971ರಲ್ಲಿ ಬಂಗಾಳದ ಬನಗಾಂವದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ಸಲೈನು ತೀರುತ್ತ ಬಂದಾಗ, ಡಾಕ್ಟರ್ ದಿಲೀಪ ಮಹಲನಬಿಸರು ಉಪ್ಪು-ಗ್ಲೂಕೋಸಿನ ಪುಡಿಯನ್ನು ನೀರಿನಲ್ಲಿ ಕರಗಿಸಿ ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಬಂದುದು ಅದರ ಮರುವರ್ಷ. ನಮ್ಮ ತಂಗಿ ಹೋದಾಗ ಪ್ರಾಗಿನ ಮಾತಿಗೆ ಆರು ವರ್ಷವಾಗಿತ್ತು, ಬನಗಾಂವಕ್ಕೆ ಇನ್ನೂ ಐದು ವರ್ಷವಿತ್ತು. ಮನೆಯಲ್ಲಿ ಉಪ್ಪೂ ಇತ್ತು, ಸಕ್ಕರೆಯೂ ಇತ್ತು.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಸಾಂಗಲಿ ಮುಳುಗಿದಾಗ ಮಗಳು ಮಕ್ಕಳೊಡನೆ ನಮ್ಮಲ್ಲಿಗೆ ಬಂದಳು. ಮೂರನೆಯ ದಿನ ಮೊಮ್ಮಗಳಿಗೆ ಭೇದಿ ಹತ್ತಿತು. ಓ.ಆರ್.ಎಸ್. ಪೊಟ್ಟಣ ತರಲು ಹೋದವರು ಬರುವವರೆಗೆ ನಾವೇ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಪಾಟು ಚಹದ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪನ್ನು ಅಳೆದು ಹಾಕಿದೆವು. ಇನ್ನಷ್ಟು ಹಾಕಿದರೆ ಬೇಗ ಗುಣವಾದೀತೆಂದು ನೆರೆಮನೆಯ ಹಿರಿಯಾಕೆ ಸೂಚಿಸಿದರು. ಪ್ರೀತಿಯ ಮಾತು; ಆದರೆ ಹೆಚ್ಚಾದರೆ ಕರುಳು ನಮ್ಮ ಸವಳು ಹೊಲವಾದೀತು, ನೀರು ಒಳಗೆ ಹೋಗುವ ಬದಲು ಹೊರಗೆ ಬಂದೀತು. ವಿಶ್ವ ಆರೋಗ್ಯ ಸಂಸ್ಥೆಯೇ 2002ರಲ್ಲಿ ಪೊಟ್ಟಣದ ಸಾಂದ್ರತೆಯನ್ನು 311ರಿಂದ 245ಕ್ಕೆ ಇಳಿಸಿದೆ. ಒಂದೊಂದೇ ಚಮಚೆಯಾಗಿ ಇರುಳೆಲ್ಲ ಕುಡಿಸಿದೆವು. ವೈದ್ಯರಿಗೂ ತೋರಿಸಿದೆವೆನ್ನಿ. ಈ ಸಲ ನಾವು ಹಾಸಿಗೆಯ ಬಳಿ ಕುಳಿತದ್ದು ಬೇರೆ ಕೆಲಸಕ್ಕೆ.

ಹೊಲಕ್ಕೆ ಆಮೇಲೆ ರಂಧ್ರವುಳ್ಳ ಕೊಳವೆಗಳನ್ನು ಹೂಳಿಸಿ, ಬಸಿನೀರನ್ನು ಹಳ್ಳಕ್ಕೆ ಬಿಟ್ಟಿದ್ದೇವೆ. ಮಳೆಗಾಲದ ಸಿಹಿನೀರು ಮೇಲಿನಿಂದ ಇಳಿದು ಲವಣವನ್ನು ತೊಳೆದುಕೊಂಡು ಹೋಗುತ್ತದೆ, ನಿಧಾನದ ಕೆಲಸ. ಎರಡೂವರೆ ಎಕರೆಯಲ್ಲಿ ಒಂದೂವರೆ ಎಕರೆ ತಿರುಗಿ ಬಂದಿದೆ. ಬದುವಿನ ಪಕ್ಕದ ತುಂಡು ಇನ್ನೂ ಬೆಳ್ಳಗಿದೆ.

ಮೊಮ್ಮಗನಿಗೆ ಹೊಲದ ಕತೆಯನ್ನು ಹೇಳಿದೆವು. ಅವನು ಅದನ್ನು ತನ್ನ ಪ್ರಯೋಗದ ವಹಿಯಲ್ಲಿಯೂ ಬರೆದುಕೊಂಡನು. ತೊಟ್ಟಿಲಿನದನ್ನು ಇನ್ನೂ ಹೇಳಿಲ್ಲ.